ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಳ ಕೇಸು ಹಿಡಿಯುವುದು ಹೇಗೆ

ಸೆರೆಸಿಕ್ಕವರಲ್ಲಿ ಒಬ್ಬ ಚಿಕ್ಕ ಹುಡುಗ ಇದ್ದಾನೆ ಅಂತ ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಅವನು ಏನು ಮಾಡಿದ? ಎಷ್ಟು ಜನರನ್ನು ಕೊಂದ? ಕಾನೂನು ಕೇಳುವ ಮೊದಲ ಪ್ರಶ್ನೆ ಅದಲ್ಲ. ಅವನ ವಯಸ್ಸೆಷ್ಟು ಅನ್ನುವುದು. ಅದಕ್ಕೆ ಉತ್ತರ ಬರೆದಿಡುವ ಮುಂಚೆ ಬೇರೆ ಏನನ್ನೂ ಬರೆಯಲು ಬಿಡಬೇಡಿ. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಉಳಿದದ್ದೆಲ್ಲ ಇದಕ್ಕೆ ಅಂಟಿಕೊಂಡೇ ಬರುತ್ತದೆ.

ನಾನು ವಕೀಲೆ. ಹೊಸ ವಕೀಲರಿಗೆ, ಪರಿಹಾರ ಕೆಲಸಕ್ಕೆ ಹೋಗುವವರಿಗೆ, ಶಾಂತಿಪಾಲನಾ ಪಡೆಗೆ ಹೊರಟ ಅಧಿಕಾರಿಗಳಿಗೆ ಯುದ್ಧದ ಕಾನೂನು ಹೇಳಿಕೊಡುತ್ತೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ನೀವು ವಕೀಲರಾಗಿರಲೇಬೇಕು ಅಂತೇನಿಲ್ಲ. ಬಂಧನ ಶಿಬಿರದ ನರ್ಸ್ ಆಗಿರಬಹುದು, ದುಭಾಷಿ ಆಗಿರಬಹುದು. ಎಷ್ಟೋ ಕಡೆ ಆ ಮಗುವನ್ನು ಮೊದಲು ಮಾತಾಡಿಸುವವರು ಅವರೇ.

ವಯಸ್ಸನ್ನು ಕೇಳುವ ಬಗೆ

"ನಿನಗೆಷ್ಟು ವಯಸ್ಸು?" ಅಂತ ನೇರವಾಗಿ ಕೇಳಿದರೆ ಬರುವ ಉತ್ತರವನ್ನು ನಂಬಿ ಕೂರಬೇಡಿ. ತುಂಬಾ ಮಕ್ಕಳಿಗೆ ಹುಟ್ಟಿದ ತಾರೀಖೇ ಗೊತ್ತಿರುವುದಿಲ್ಲ. ಕೆಲವರಿಗೆ, ಯಾರು ಕೇಳಿದರೂ 18 ಅಂತ ಹೇಳು ಎಂದು ಕಮಾಂಡರ್ ಹೇಳಿಕೊಟ್ಟಿರುತ್ತಾನೆ. ಇನ್ನು ಕೆಲವರು ಭಯಕ್ಕೆ, ಎದುರಿಗಿರುವವರಿಗೆ ಯಾವುದು ಇಷ್ಟವಾಗಬಹುದೋ ಅದನ್ನೇ ಹೇಳಿಬಿಡುತ್ತಾರೆ.

ಹಾಗಾಗಿ ಬದುಕಿನ ಘಟನೆಗಳನ್ನು ಹಿಡಿದು ಕೇಳಬೇಕು. ಮಾತು ಸುಮಾರಾಗಿ ಹೀಗೆ ಸಾಗಲಿ:

"ಮನೆಯಲ್ಲಿ ನಿನಗಿಂತ ಚಿಕ್ಕವರು ಯಾರಿದ್ದಾರೆ?"

"ತಂಗಿ ಇದ್ದಾಳೆ ಅಕ್ಕ."

"ಅವಳು ಹುಟ್ಟಿದ್ದು ನಿನಗೆ ನೆನಪಿದೆಯಾ?"

"ಇದೆ. ಆವಾಗ ನಾನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಆ ವರ್ಷ ಹೊಳೆ ಉಕ್ಕಿ ಸೇತುವೆ ಕೊಚ್ಚಿಕೊಂಡು ಹೋಗಿತ್ತು."

"ಆಮೇಲೆ ಅವರು ಬಂದು ಕರೆದುಕೊಂಡು ಹೋದರಲ್ಲ, ಆಗ ಎಷ್ಟನೇ ಕ್ಲಾಸು?"

"ಐದು. ಪರೀಕ್ಷೆ ಇನ್ನೂ ಬರೆದಿರಲಿಲ್ಲ."

"ಅಲ್ಲಿಂದ ಇಲ್ಲಿಗೆ ಎಷ್ಟು ಮಳೆಗಾಲ ಕಳೆಯಿತು?"

"ಮೂರು. ಅಲ್ಲ ಅಕ್ಕ, ಮೂರನೇದು ಶುರುವಾಗುವಾಗಲೇ ಸಿಕ್ಕಿಹಾಕಿಕೊಂಡೆವು."

ಈಗ ಲೆಕ್ಕ ಹಾಕಿ. ಶಾಲೆಗೆ ಸೇರಿದ್ದು 6ಕ್ಕೋ 7ಕ್ಕೋ ಆಗಿರಲಿ, ಐದನೇ ಕ್ಲಾಸಿನ ಹೊತ್ತಿಗೆ 10ರಿಂದ 12. ಅದಕ್ಕೆ ಮೂರು ವರ್ಷ ತುಂಬಿಲ್ಲ. ಅಂದರೆ ಹುಡುಗ 15 ದಾಟಿರುವ ಸಾಧ್ಯತೆ ತೀರಾ ಕಡಿಮೆ. ಸೇತುವೆ ಕೊಚ್ಚಿಹೋದ ವರ್ಷವನ್ನು ಊರಿನವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಶಾಲೆಯ ದಾಖಲಾತಿ ಪುಸ್ತಕ ಉಳಿದಿದ್ದರೆ ಇನ್ನೂ ಒಳ್ಳೆಯದು. ಲಸಿಕೆ ಕಾರ್ಡ್, ದೇವಸ್ಥಾನ, ಮಸೀದಿ, ಚರ್ಚಿನ ದಾಖಲೆ, ತಾಯಿಯ ಹೇಳಿಕೆ, ಯಾವುದು ಸಿಕ್ಕಿದರೂ ಕಡತಕ್ಕೆ ಸೇರಿಸಿ. ಮಗು ಹೇಳಿದ್ದನ್ನು ಅದೇ ಮಾತಿನಲ್ಲಿ ಬರೆದುಕೊಳ್ಳಿ. ನಿಮ್ಮ ಲೆಕ್ಕವನ್ನು ಅದರ ಕೆಳಗೆ ಬೇರೆಯಾಗಿ ಬರೆಯಿರಿ. ಎರಡನ್ನೂ ಬೆರೆಸಿದರೆ ಎದುರು ಪಕ್ಷದವರು ಮೊದಲು ಕೈ ಹಾಕುವುದೇ ಅಲ್ಲಿಗೆ.

ಮೂಳೆಯ ಎಕ್ಸ್‌ರೇ ಬಗ್ಗೆ ಒಂದು ಮಾತು. ಮಣಿಕಟ್ಟಿನ ಎಕ್ಸ್‌ರೇ ತೆಗೆದು "18 ಆಗಿದೆ" ಅಂತ ವರದಿ ಕೊಡುವುದು ಸೇನೆಗಳಿಗೆ ಸುಲಭದ ದಾರಿ. ಆ ಎಕ್ಸ್‌ರೇಯನ್ನು ಹೋಲಿಸಿ ನೋಡಲು ಬಹಳ ಕಡೆ ಬಳಸುವ ಮಾದರಿ ಚಿತ್ರಗಳನ್ನು ತೆಗೆದದ್ದು 1930ರ ದಶಕ ಮತ್ತು 1940ರ ದಶಕದ ಆರಂಭದಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನ ಉಳ್ಳವರ ಮನೆಯ ಮಕ್ಕಳಿಂದ. ಬರಗಾಲದಲ್ಲಿ ಬೆಳೆದ, ಭಾರ ಹೊತ್ತ, ಕಾಯಿಲೆ ಬಿದ್ದ ಮಗುವಿನ ಮೂಳೆ ಅದೇ ಲೆಕ್ಕಕ್ಕೆ ಬೆಳೆದಿರುವುದಿಲ್ಲ. ಆರೋಗ್ಯವಂತ ಮಕ್ಕಳಲ್ಲೂ ಎರಡು ವರ್ಷ ಆಚೀಚೆ ಆಗುವುದುಂಟು. 16 ಮತ್ತು 18ರ ನಡುವಿನ ಜಗಳವನ್ನು ಎರಡು ವರ್ಷ ಆಚೀಚೆ ಆಗುವ ಪರೀಕ್ಷೆ ಬಗೆಹರಿಸುತ್ತದೆಯೇ? ಹಾಗಾಗಿ ವರದಿ ಬಂದರೆ "ತಪ್ಪಿನ ಅಂತರ ಎಷ್ಟು?" ಅಂತ ಲಿಖಿತವಾಗಿ ಕೇಳಿ. ಅನುಮಾನ ಉಳಿದರೆ ಅದರ ಲಾಭ ಮಗುವಿಗೇ ಸೇರಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2019ರ ತನ್ನ 24ನೇ ಸಾಮಾನ್ಯ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ವಯಸ್ಸಿನ ಬಗ್ಗೆ ಇಷ್ಟು ಹಠ ಯಾಕೆ ಅಂದರೆ ಮೊಹಮ್ಮದ್ ಜವಾದ್‌ನ ಕೇಸು ನೋಡಿ. 2002ರ ಡಿಸೆಂಬರ್‌ನಲ್ಲಿ ಕಾಬೂಲ್‌ನಲ್ಲಿ ಅಮೆರಿಕನ್ ಸೈನಿಕರ ಗಾಡಿಯ ಮೇಲೆ ಗ್ರೆನೇಡ್ ಬಿತ್ತು. ಹಿಡಿದದ್ದು ಈ ಹುಡುಗನನ್ನು. ಅವನು ಹುಟ್ಟಿದ್ದಕ್ಕೆ ಕಾಗದ ಇರಲಿಲ್ಲ. ಅಮೆರಿಕದ ಸೇನೆ ಪ್ರಕಾರ ಅವನಿಗೆ ಸುಮಾರು 17. ಅಫ್ಘಾನ್ ಸರ್ಕಾರದ ಪ್ರಕಾರ 12ರ ಆಸುಪಾಸು. ಈ ಜಗಳ ಬಗೆಹರಿಯದೇ ಅವನನ್ನು ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು ಗ್ವಾಂಟಾನಮೊದಲ್ಲಿ ದೊಡ್ಡವರ ಜೊತೆ ಇಟ್ಟರು. 2004ರ ಮೇ ತಿಂಗಳಲ್ಲಿ, 14 ದಿನದಲ್ಲಿ 112 ಸಲ ಅವನನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆದಾಡಿದರು, ನಿದ್ದೆ ಮಾಡಲು ಬಿಡಬಾರದು ಅಂತ. ಈ ಸಂಖ್ಯೆ ಜೈಲಿನದೇ ದಾಖಲೆಯಿಂದ ಸಿಕ್ಕಿದ್ದು. ಕೊಲ್ಲುತ್ತೇವೆ ಅಂತ ಹೆದರಿಸಿ ಪಡೆದ ತಪ್ಪೊಪ್ಪಿಗೆಯನ್ನು 2008ರಲ್ಲಿ ಸೇನಾ ನ್ಯಾಯಾಧೀಶರೇ ತಳ್ಳಿಹಾಕಿದರು. 2009ರ ಆಗಸ್ಟ್‌ನಲ್ಲಿ ಅವನು ಮನೆಗೆ ಬಂದ. ಹಿಡಿದ ವಾರವೇ ಯಾರಾದರೂ ಕೂತು ವಯಸ್ಸಿನ ಒಂದು ಸರಿಯಾದ ಟಿಪ್ಪಣಿ ಬರೆದಿದ್ದರೆ ಅವನಿಗೆ ಒಬ್ಬ ವಕೀಲ, ಬೇರೆ ಕೋಣೆ, ಮನೆಯವರ ಪತ್ರ ಕೇಳಲು ಒಂದು ಆಧಾರವಾದರೂ ಇರುತ್ತಿತ್ತು.

ಮೂರು ತಾರೀಖು

ಕಡತದ ಮೊದಲ ಪುಟದಲ್ಲಿ ಮೂರು ತಾರೀಖು ಬರೆಯಿರಿ: ಹುಟ್ಟಿದ್ದು, ಆರೋಪದ ಘಟನೆ ನಡೆದದ್ದು, ಸೆರೆಸಿಕ್ಕಿದ್ದು. ಮರಣದಂಡನೆ ಕೊಡಬಹುದೇ, ಬಾಲ ನ್ಯಾಯ ವ್ಯವಸ್ಥೆಗೆ ಹೋಗಬೇಕೇ ಅನ್ನುವುದಕ್ಕೆ ಘಟನೆಯ ದಿನದ ವಯಸ್ಸು ಮುಖ್ಯ. ಬಂಧನದಲ್ಲಿ ಹೇಗೆ ನೋಡಿಕೊಳ್ಳಬೇಕು ಅನ್ನುವುದಕ್ಕೆ ಇವತ್ತಿನ ವಯಸ್ಸು. ಈ ಎರಡನ್ನು ಬೇಕೆಂದೇ ಕಲಸುವವರಿದ್ದಾರೆ.

ಒಮರ್ ಖಾದರ್ ಕೆನಡಾದ ಪ್ರಜೆ. ಹುಟ್ಟಿದ್ದು 1986ರ ಸೆಪ್ಟೆಂಬರ್‌ನಲ್ಲಿ. ಅಫ್ಘಾನಿಸ್ತಾನದಲ್ಲಿ ಗಾಯಗೊಂಡು ಸಿಕ್ಕಿದ್ದು 2002ರ ಜುಲೈನಲ್ಲಿ, 15ನೇ ವಯಸ್ಸಿನಲ್ಲಿ. ಗ್ವಾಂಟಾನಮೊಗೆ ಸಾಗಿಸಿದ್ದು ಅಕ್ಟೋಬರ್‌ನಲ್ಲಿ, 16 ತುಂಬಿದ ಮೇಲೆ. ಅಲ್ಲಿ 16ಕ್ಕಿಂತ ಚಿಕ್ಕವರೆಂದು ಗುರುತಿಸಿದ ಮೂವರು ಅಫ್ಘಾನ್ ಹುಡುಗರಿಗೆ ಬೇರೆ ಮನೆ ಇತ್ತು, ಪಾಠ ಇತ್ತು. ಅವರನ್ನು 2004ರ ಜನವರಿಯಲ್ಲಿ ಬಿಟ್ಟರು. ಖಾದರ್‌ಗೆ ಇದ್ಯಾವುದೂ ಸಿಗಲಿಲ್ಲ. ದೊಡ್ಡವರ ಜೊತೆಗೇ ಇದ್ದ. ಕೆಲವೇ ವಾರಗಳ ವ್ಯತ್ಯಾಸ! 16 ಅನ್ನುವ ಗೆರೆಯನ್ನು ಸೇನೆ ತಾನೇ ಎಳೆದುಕೊಂಡದ್ದು. ಮಕ್ಕಳ ಹಕ್ಕುಗಳ ಒಪ್ಪಂದದಲ್ಲಿ ಮಗು ಅಂದರೆ 18 ತುಂಬದವರು. ಅಮೆರಿಕ ಆ ಒಪ್ಪಂದಕ್ಕೆ ಸೇರಿಲ್ಲ ನಿಜ. ಆದರೆ ಯುದ್ಧದಲ್ಲಿ ಮಕ್ಕಳ ಬಳಕೆ ಕುರಿತ ಅದರ ಐಚ್ಛಿಕ ಪ್ರೋಟೋಕಾಲ್‌ಗೆ, ಅಂದರೆ ಬೇರೆಯಾಗಿ ಸೇರಬಹುದಾದ ಪೂರಕ ಒಪ್ಪಂದಕ್ಕೆ, ಖಾದರ್ ಬಂಧನದಲ್ಲಿದ್ದಾಗಲೇ, 2002ರ ಡಿಸೆಂಬರ್‌ನಲ್ಲಿ ಸೇರಿತು. ಹೀಗೆ ಬಳಕೆಯಾದ ಮಕ್ಕಳು ಚೇತರಿಸಿಕೊಂಡು ಸಮಾಜಕ್ಕೆ ಮರಳಲು ನೆರವಾಗಬೇಕು ಅನ್ನುವುದು ಅದರ 6ನೇ ವಿಧಿ. ನೀವು ಕೇಸು ಕೈಗೆತ್ತಿಕೊಂಡಾಗ ಆ ದೇಶ ಯಾವ ಒಪ್ಪಂದಕ್ಕೆ, ಯಾವ ತಾರೀಖಿಗೆ ಸೇರಿದೆ ಅಂತ ಹುಡುಕಿ. ಒಂದು ಬಾಗಿಲು ಮುಚ್ಚಿದ್ದರೆ ಪಕ್ಕದ್ದು ತೆರೆದಿರಬಹುದು.

ಯಾವ ಬಗೆಯ ಯುದ್ಧ?

ಎರಡು ದೇಶಗಳ ನಡುವಿನ ಯುದ್ಧವಾದರೆ ಹುಡುಗ ಯುದ್ಧಕೈದಿ ಆಗಬಹುದು. ಯುದ್ಧಕೈದಿಗಳ ಕುರಿತ 1949ರ ಮೂರನೇ ಜಿನೀವಾ ಒಪ್ಪಂದ ಅದಕ್ಕೆ ಕನಿಷ್ಠ ವಯಸ್ಸು ಇಟ್ಟಿಲ್ಲ. ಇದು ಮಗುವಿಗೆ ಒಳ್ಳೆಯದೇ. ಯುದ್ಧಕೈದಿಯನ್ನು ಬರೀ ಹೋರಾಡಿದ್ದಕ್ಕೆ ಶಿಕ್ಷಿಸುವ ಹಾಗಿಲ್ಲ. 16ನೇ ವಿಧಿಯ ಪ್ರಕಾರ ವಯಸ್ಸಿನ ಕಾರಣಕ್ಕೆ ಬೇರೆಯವರಿಗಿಂತ ಮೃದುವಾಗಿ ನೋಡಿಕೊಳ್ಳಬಹುದು. ಇದರ ಮೇಲೆ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 77ನೇ ವಿಧಿ ಬರುತ್ತದೆ. ನನಗೆ ಇದು ಬಾಯಿಪಾಠ. ನೀವೂ ಮಾಡಿಕೊಳ್ಳಿ. 15 ತುಂಬದವರು ನಿಜವಾಗಿ ಹೋರಾಡಿ ಸಿಕ್ಕಿದ್ದರೂ, ಯುದ್ಧಕೈದಿ ಆಗಿರಲಿ ಬಿಡಲಿ, ಮಕ್ಕಳಿಗಿರುವ ವಿಶೇಷ ರಕ್ಷಣೆ ಹೋಗುವುದಿಲ್ಲ. ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು, ಮನೆಯವರ ಜೊತೆ ಇದ್ದರೆ ಮಾತ್ರ ವಿನಾಯಿತಿ. ಅಪರಾಧದ ವೇಳೆ 18 ತುಂಬದವರಿಗೆ ಮರಣದಂಡನೆ ಜಾರಿ ಮಾಡುವಂತಿಲ್ಲ.

ದೇಶದ ಒಳಗಿನ ಯುದ್ಧವಾದರೆ ಕಷ್ಟ ಜಾಸ್ತಿ. ಅಲ್ಲಿ ಯುದ್ಧಕೈದಿ ಅನ್ನುವ ಸ್ಥಾನವೇ ಇಲ್ಲ. ಸರ್ಕಾರದ ಕಣ್ಣಿಗೆ ಹುಡುಗ ದಂಗೆಕೋರ, ಇಲ್ಲವೇ ಭಯೋತ್ಪಾದಕ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ನಾಲ್ಕೂ ಜಿನೀವಾ ಒಪ್ಪಂದಗಳಿಗೆ ಸಮಾನವಾದ 3ನೇ ವಿಧಿ, 1977ರ ಎರಡನೇ ಹೆಚ್ಚುವರಿ ಪ್ರೋಟೋಕಾಲ್‌ನ 4 ಮತ್ತು 6ನೇ ವಿಧಿಗಳು, ಮತ್ತೆ ಮಕ್ಕಳ ಹಕ್ಕುಗಳ ಒಪ್ಪಂದದ 37, 39, 40. 37ನೇ ವಿಧಿ ಹೇಳುವುದು ಸರಳ. ಬಂಧನ ಕೊನೆಯ ದಾರಿ ಆಗಬೇಕು, ಆದಷ್ಟು ಕಡಿಮೆ ಕಾಲ ಇರಬೇಕು. ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿ ಕೂಡದು. ಮನೆಯವರ ಜೊತೆ ಸಂಪರ್ಕ ಇರಬೇಕು, ವಕೀಲರ ನೆರವು ಬೇಗ ಸಿಗಬೇಕು. ಇಂದು ನಡೆಯುತ್ತಿರುವ ಯುದ್ಧಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು. ಹಾಗಾಗಿ ನಿಮ್ಮ ತಯಾರಿ ಇದರ ಮೇಲೇ ಜಾಸ್ತಿ ಇರಲಿ.

ಮೊದಲ ಕೆಲವು ಗಂಟೆಗಳು

ಹೆಸರು ಎಲ್ಲಿ ದಾಖಲಾಗಿದೆ ಅಂತ ಕೇಳಿ. ದಾಖಲೆಯಲ್ಲಿ ಇಲ್ಲದ ಮಗು ಕಾಣೆಯಾದರೆ ಕೇಳುವವರು ಇರುವುದಿಲ್ಲ. ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಗೆ ತಿಳಿಸಲಾಗಿದೆಯೇ ನೋಡಿ. ಅವರ ಪ್ರತಿನಿಧಿ ಬಂದರೆ ಮಗುವಿನ ಕೈಯಲ್ಲಿ ಮನೆಗೆ ನಾಲ್ಕು ಸಾಲಿನ ಪತ್ರ ಬರೆಸಬಹುದು. ಎಷ್ಟೋ ತಾಯಂದಿರಿಗೆ ಮಗ ಬದುಕಿದ್ದಾನೆ ಅಂತ ಮೊದಲು ಗೊತ್ತಾಗುವುದು ಅಂಥ ಪತ್ರದಿಂದ.

ಆಮೇಲೆ ಡಾಕ್ಟರ್. ಗಾಯ, ಹಸಿವು, ಮಾದಕವಸ್ತು ಬಿಟ್ಟಾಗಿನ ನಡುಕ, ಲೈಂಗಿಕ ದೌರ್ಜನ್ಯದ ಗುರುತು, ಎಲ್ಲವೂ ಮೊದಲ ತಪಾಸಣೆಯಲ್ಲೇ ಬರೆದಿರಬೇಕು. ತಪಾಸಣೆಯ ಕೋಣೆಯಲ್ಲಿ ಕಾವಲಿನವರು ನಿಂತಿರಬಾರದು.

ಕಮಾಂಡರ್ ಇರುವ ಕೋಣೆಯಿಂದ ಮಗುವನ್ನು ಕೂಡಲೇ ಬೇರೆ ಮಾಡಿಸಿ. ಅವನ ಒಂದು ನೋಟ ಸಾಕು, ಹುಡುಗ ಬಾಯಿ ಬಿಡುವುದಿಲ್ಲ.

ಗುಪ್ತಚರ ವಿಚಾರಣೆಗೆ ಒಪ್ಪಬೇಡಿ. "ಸುಮ್ನೆ ನಾಲ್ಕು ಪ್ರಶ್ನೆ ಕೇಳುತ್ತೇವೆ" ಅಂತಲೇ ಅದು ಶುರುವಾಗುವುದು. ಖಾದರ್‌ನನ್ನು ಕೆನಡಾದ್ದೇ ಅಧಿಕಾರಿಗಳು ಹೋಗಿ ಪ್ರಶ್ನಿಸಿದ್ದರು. ನಿದ್ದೆಗೆಡಿಸಿದ್ದಾರೆ ಅಂತ ಗೊತ್ತಿದ್ದೂ ಪ್ರಶ್ನಿಸಿದ್ದರು. ಪಕ್ಕದಲ್ಲಿ ವಕೀಲರಿಲ್ಲ. ಇದು ಅವನ ಹಕ್ಕಿನ ಉಲ್ಲಂಘನೆ ಎಂದು ಕೆನಡಾದ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತು. 2017ರಲ್ಲಿ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಆ ತೀರ್ಪಿನ ಪ್ರತಿ ಜೊತೆಗಿಟ್ಟುಕೊಂಡು ಹೋಗಿ. ವಿಚಾರಣೆ ಅಧಿಕಾರಿಗೆ ಓದಲು ಕೊಟ್ಟರೆ ಅವನೂ ಒಂದು ಕ್ಷಣ ಯೋಚಿಸುತ್ತಾನೆ.

ಇದೆಲ್ಲದರ ಗುರಿ ಒಂದೇ, ಮಗು ಸೇನೆಯ ಕೈಯಿಂದ ಆದಷ್ಟು ಬೇಗ ಮಕ್ಕಳ ರಕ್ಷಣೆಯ ನಾಗರಿಕ ವ್ಯವಸ್ಥೆಗೆ ಹೋಗಬೇಕು. ಇದಕ್ಕೆ ಕೆಲವು ಸರ್ಕಾರಗಳು ವಿಶ್ವಸಂಸ್ಥೆಯ ಜೊತೆ ಹಸ್ತಾಂತರ ಒಪ್ಪಂದ ಮಾಡಿಕೊಂಡಿವೆ. ಮಾಲಿ 2013ರಲ್ಲಿ, ಚಾಡ್ 2014ರಲ್ಲಿ. ಸೊಮಾಲಿಯಾದ 2014ರ ನಿಯಮದಲ್ಲಿ 72 ಗಂಟೆಯ ಗಡುವಿದೆ. ನೈಜೀರಿಯಾದ 2022ರ ಒಪ್ಪಂದದಲ್ಲಿ ಏಳು ದಿನ. ನೀವು ಇರುವ ಕಡೆ ಇಂಥದ್ದು ಇದೆಯೇ ಅಂತ ಮೊದಲು ವಿಚಾರಿಸಿ. ಇದ್ದರೆ ಅದರ ಸಾಲನ್ನೇ ಎತ್ತಿ ಪತ್ರ ಬರೆಯಿರಿ. ಪತ್ರ ಉದ್ದ ಬೇಡ:

"ನಿಮ್ಮ ವಶದಲ್ಲಿರುವ ಈ ವ್ಯಕ್ತಿಗೆ 18 ತುಂಬಿಲ್ಲ. ಆಧಾರಗಳನ್ನು ಲಗತ್ತಿಸಿದ್ದೇನೆ. ಇಂಥ ತಾರೀಖಿನ ಇಷ್ಟು ಗಂಟೆಗೆ ಇವರು ನಿಮ್ಮ ವಶಕ್ಕೆ ಬಂದಿದ್ದಾರೆ. ಗಡುವು ಇಂಥ ಹೊತ್ತಿಗೆ ಮುಗಿಯುತ್ತದೆ. ಅದರೊಳಗೆ ಹಸ್ತಾಂತರಿಸಿ, ಅಲ್ಲಿಯವರೆಗೆ ದೊಡ್ಡವರಿಂದ ಬೇರೆ ಇಡಿ. ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಕಾರಣ ಬರೆದು ಸಹಿ ಹಾಕುವುದು ಯಾವ ಅಧಿಕಾರಿಗೂ ಇಷ್ಟವಾಗುವುದಿಲ್ಲ.

ಹುಡುಗಿಯರನ್ನು ಹುಡುಕಿ

"ಹುಡುಗ" ಅಂತ ಬರೆಯುತ್ತಾ ಬಂದೆ. ಆದರೆ ಸೆರೆಸಿಕ್ಕವರಲ್ಲಿ ಹುಡುಗಿಯರೂ ಇರುತ್ತಾರೆ, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಕಮಾಂಡರನ ಹೆಂಡತಿ, ಅಡುಗೆಯವಳು ಅಂತ ಬರೆದು ಮುಗಿಸಿರುತ್ತಾರೆ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧದ ನಂತರ ನಿಶ್ಶಸ್ತ್ರೀಕರಣ ನಡೆದಾಗ ಬಂದೂಕು ತಂದು ಒಪ್ಪಿಸಿದವರಿಗೇ ಮೊದಲ ಮನ್ನಣೆ ಇತ್ತು. ಬಂದೂಕಿಲ್ಲದ ಎಷ್ಟೋ ಹುಡುಗಿಯರು ನೆರವಿನಿಂದ ಹೊರಗುಳಿದರು. ಸಶಸ್ತ್ರ ಗುಂಪುಗಳ ಜೊತೆಗಿದ್ದ ಮಕ್ಕಳ ಬಗ್ಗೆ ಬರೆದ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳು ಈ ತಪ್ಪನ್ನು ತಿದ್ದಿದವು. ಅಡುಗೆ ಮಾಡಿದವರು, ಹೊರೆ ಹೊತ್ತವರು, ಸುದ್ದಿ ಸಾಗಿಸಿದವರು, ಲೈಂಗಿಕವಾಗಿ ಬಳಕೆಯಾದವರು, ಎಲ್ಲರೂ ಅದರ ಪ್ರಕಾರ ಗುಂಪಿನ ಜೊತೆಗಿದ್ದ ಮಕ್ಕಳೇ. ಹಾಗಾಗಿ ಶಿಬಿರಕ್ಕೆ ಹೋದಾಗ "ಹೋರಾಡಿದ ಮಕ್ಕಳು ಯಾರು?" ಅಂತ ಕೇಳಬೇಡಿ. "ಗುಂಪಿನ ಜೊತೆ ಇದ್ದ ಮಕ್ಕಳು ಯಾರು?" ಅಂತ ಕೇಳಿ.

ಆರೋಪ ಬಂದರೆ

ಗುಂಪಿನಲ್ಲಿದ್ದ ಅನ್ನುವುದೊಂದೇ ಆರೋಪವಾದರೆ, ಅದಕ್ಕೇ ಮಗುವನ್ನು ವಿಚಾರಣೆಗೆ ಒಳಪಡಿಸಬಾರದು ಅಂತ ವಾದಿಸಿ. ಪ್ಯಾರಿಸ್ ತತ್ವಗಳು ಹೇಳುವುದೂ ಅದನ್ನೇ. ಭದ್ರತಾ ಮಂಡಳಿಯ 2018ರ 2427ನೇ ನಿರ್ಣಯವೂ ಕೋರ್ಟು, ಜೈಲು ಬಿಟ್ಟು ಬೇರೆ ದಾರಿ ನೋಡಿ ಎನ್ನುತ್ತದೆ. ಇವು ಒಪ್ಪಂದದಷ್ಟು ಗಟ್ಟಿ ಅಲ್ಲ, ಎದುರಿನವರು ಅದನ್ನು ಎತ್ತಿಯೇ ಎತ್ತುತ್ತಾರೆ. ಆಗ ಮಕ್ಕಳ ಹಕ್ಕುಗಳ ಒಪ್ಪಂದದ 39ನೇ ವಿಧಿಗೆ ಬನ್ನಿ. ಯುದ್ಧಕ್ಕೆ ಬಲಿಯಾದ ಮಗು ಚೇತರಿಸಿಕೊಳ್ಳಲು ಸರ್ಕಾರ ನೆರವಾಗಬೇಕು ಅನ್ನುವುದು ಅಲ್ಲಿ ಕಡ್ಡಾಯ.

ಕೊಲೆ, ಸುಲಿಗೆ, ಅತ್ಯಾಚಾರದಂಥ ಆರೋಪ ಇದ್ದರೆ ಸಂಕಟ ನಿಜವಾದದ್ದು. ನೊಂದವರ ಮನೆಯವರು ಎದುರಿಗೆ ಕೂತಿರುತ್ತಾರೆ. ಅವರ ನೋವನ್ನು ಸಣ್ಣದು ಮಾಡಿ ವಾದ ಕಟ್ಟಬೇಡಿ. ಅದು ತಪ್ಪು, ಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ. ಕಾನೂನು ಮಗುವಿಗೆ ಪೂರ್ತಿ ಮಾಫಿ ಕೊಟ್ಟಿಲ್ಲ. ವಿಚಾರಣೆ ನಡೆಯಬಹುದು, ಆದರೆ ಬಾಲ ನ್ಯಾಯದ ನಿಯಮದ ಪ್ರಕಾರ, ಮಕ್ಕಳ ನ್ಯಾಯಾಲಯದಲ್ಲಿ. ಸೇನಾ ನ್ಯಾಯಾಲಯವಾದರೆ ಮೊದಲ ದಿನವೇ ಆಕ್ಷೇಪಣೆ ಸಲ್ಲಿಸಿ. ಹೊಣೆ ಹೊರಿಸುವ ಕನಿಷ್ಠ ವಯಸ್ಸು 14ಕ್ಕಿಂತ ಕಡಿಮೆ ಇರಬಾರದು ಅನ್ನುವುದು ಮೇಲೆ ಹೇಳಿದ ಮಕ್ಕಳ ಹಕ್ಕುಗಳ ಸಮಿತಿಯ 24ನೇ ಟಿಪ್ಪಣಿಯ ಸಲಹೆ. ಇರಾಕ್‌ನಂಥ ಕಡೆ ಕಾನೂನಿನಲ್ಲಿ 9 ಇದೆ, ಹಾಗಾಗಿ ಆ ದೇಶದ ಅಂಕಿ ನೋಡಿಯೇ ವಾದ ತಯಾರಿಸಿ.

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ, ಅದನ್ನು ಸ್ಥಾಪಿಸಿದ ರೋಮ್ ಶಾಸನದ 26ನೇ ವಿಧಿಯ ಪ್ರಕಾರ, ಕೃತ್ಯದ ವೇಳೆ 18 ತುಂಬದವರ ಮೇಲೆ ಅಧಿಕಾರವೇ ಇಲ್ಲ. ಅಲ್ಲಿನ ಯುದ್ಧಾಪರಾಧಗಳ ವಿಚಾರಣೆಗೆ ಮಾಡಿದ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯಕ್ಕೆ 15 ದಾಟಿದವರ ಮೇಲೆ ಅಧಿಕಾರ ಇತ್ತು. ಆದರೂ ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಮಕ್ಕಳ ಮೇಲೆ ಕೇಸು ಹಾಕುವುದಿಲ್ಲ ಎಂದು ಹೇಳಿದರು, ಹಾಕಲೂ ಇಲ್ಲ. 15 ತುಂಬದ ಮಕ್ಕಳನ್ನು ಸೇರಿಸಿಕೊಳ್ಳುವುದೇ ಯುದ್ಧಾಪರಾಧ. ಕಾಂಗೋದ ಸಶಸ್ತ್ರ ಗುಂಪಿನ ನಾಯಕ ಥಾಮಸ್ ಲುಬಾಂಗಾಗೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದಲ್ಲಿ 2012ರಲ್ಲಿ 14 ವರ್ಷ ಶಿಕ್ಷೆಯಾದದ್ದು ಅದಕ್ಕೇ. ನಿಮ್ಮ ಕಕ್ಷಿದಾರನನ್ನು ಹಾಗೆ ಸೇರಿಸಿಕೊಂಡಿದ್ದರೆ, ಅವನು ಆ ಅಪರಾಧಕ್ಕೆ ಬಲಿಯಾದವನು ಅಂತ ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಯಿರಿ.

18 ದಾಟಿದ ಮೇಲೂ ಗುಂಪಿನಲ್ಲೇ ಉಳಿದವರ ಕೇಸು ತುಂಬಾ ಕಷ್ಟದ್ದು. ಉಗಾಂಡಾದ ಡೊಮಿನಿಕ್ ಆಂಗ್ವೆನ್‌ನನ್ನು ಮಗುವಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ದಂಗೆಕೋರ ಗುಂಪೊಂದು ಅಪಹರಿಸಿತ್ತು. ಬೆಳೆದು ಅದೇ ಗುಂಪಿನ ಕಮಾಂಡರ್ ಆದ. 2021ರಲ್ಲಿ ಅದೇ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 61 ಅಪರಾಧಗಳು ಸಾಬೀತಾಗಿ 25 ವರ್ಷ ಶಿಕ್ಷೆಯಾಯಿತು. ಅಪಹರಣವಾಗಿದ್ದ ಅನ್ನುವುದು ಅವನನ್ನು ನಿರ್ದೋಷಿ ಮಾಡಲಿಲ್ಲ, ಶಿಕ್ಷೆಯನ್ನು ಮಾತ್ರ ತಗ್ಗಿಸಿತು. ಇಂಥ ಕೇಸಿನಲ್ಲಿ ಬಾಲ್ಯದ ಪ್ರತಿ ವರ್ಷಕ್ಕೂ ಸಾಕ್ಷಿ ಕೂಡಿಸಿ. ಉಪಯೋಗ ಆಗುವುದು ಶಿಕ್ಷೆಯ ಹಂತದಲ್ಲಿ.

ಫೋಟೋ ಬೇಡ

ಪತ್ರಕರ್ತರಿಗೆ ಮುಖ ತೋರಿಸಬೇಡಿ, ಹೆಸರು ಕೊಡಬೇಡಿ, ಊರೂ ಹೇಳಬೇಡಿ. ಒಳ್ಳೆಯ ಉದ್ದೇಶದಿಂದ ಬರೆದ ಕರುಣಾಜನಕ ಸುದ್ದಿ ಕೂಡ ಹುಡುಗನನ್ನು ಹಳೆಯ ಗುಂಪಿಗೆ ಹಿಡಿದುಕೊಟ್ಟಂತೆ ಆಗುತ್ತದೆ. ಯುದ್ಧಕೈದಿಗಳನ್ನು ಜನರ ಕುತೂಹಲಕ್ಕೆ ಒಡ್ಡಬಾರದು ಅನ್ನುವುದು ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ.

ಮನೆಗೆ ಕಳಿಸುವಾಗ

ಬಿಡುಗಡೆ ಆಯಿತು ಅಂದರೆ ಕೆಲಸ ಮುಗಿಯಿತು ಅಂತ ಅಲ್ಲ ಅಲ್ವಾ? ಮನೆಯಲ್ಲಿ ಯಾರಿದ್ದಾರೆ, ಗುಂಪಿಗೆ ಸೇರಿಸಿದ್ದು ಯಾರು ಅಂತ ವಿಚಾರಿಸಿ. ಕೆಲವೊಮ್ಮೆ ಸೇರಿಸಿದವನು ಸ್ವಂತ ಚಿಕ್ಕಪ್ಪನೇ ಆಗಿರುತ್ತಾನೆ. ಊರು ಇನ್ನೂ ಗುಂಪಿನ ಕೈಯಲ್ಲಿದ್ದರೆ ಅಲ್ಲಿಗೆ ಕಳಿಸಬೇಡಿ. ಹಿಂಸೆಗೆ ಒಳಗಾಗುವ ಕಡೆಗೆ ಯಾರನ್ನೂ ಮರಳಿಸಬಾರದು ಅನ್ನುವುದೂ ಕಾನೂನೇ.

ಮನಸ್ಸು ಮಾಡಿದರೆ ಇದು ಆಗುತ್ತದೆ. ಶ್ರೀಲಂಕಾದಲ್ಲಿ 2009ರಲ್ಲಿ ಯುದ್ಧ ಮುಗಿದಾಗ ಎಲ್‌ಟಿಟಿಇ ಜೊತೆಗಿದ್ದ 594 ಮಕ್ಕಳನ್ನು ಕೋರ್ಟಿಗೆ ಎಳೆಯದೆ ಪುನರ್ವಸತಿ ಕೇಂದ್ರಗಳಿಗೆ ಕಳಿಸಿದರು, ಓದು ಮುಂದುವರಿಸಲು ಬಿಟ್ಟರು. 2010ರಲ್ಲಿ ಅವರು ಮನೆ ಸೇರಿದರು. ಆ ಯುದ್ಧದ ಕೊನೆಯ ತಿಂಗಳುಗಳ ಬಗ್ಗೆ ನನಗೆ ಬೇರೆ ತಕರಾರುಗಳು ಬಹಳ ಇವೆ. ಈ ಒಂದು ನಿರ್ಧಾರ ಸರಿಯಾಗಿತ್ತು ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಬಿಡುಗಡೆ ಪತ್ರದಲ್ಲಿ ಗುಂಪಿನ ಹೆಸರು ಬರದಂತೆ ನೋಡಿಕೊಳ್ಳಿ. ಶಾಲೆಗೆ, ಕೆಲಸಕ್ಕೆ ಹೋದಾಗ ಅದೇ ಕಾಗದ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅವನ ಮೇಲೆ ಯಾವ ಕೇಸೂ ಬಾಕಿ ಇಲ್ಲ ಅನ್ನುವ ಒಂದು ಸಾಲನ್ನು ಮಾತ್ರ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿ. ನಿಮ್ಮ ಫೋನ್ ನಂಬರನ್ನು ತಾಯಿಯ ಕೈಗೆ ಕೊಡಿ. ದಾರಿಯ ತಪಾಸಣಾ ಠಾಣೆಯಲ್ಲಿ ಯಾರಾದರೂ ಅವನನ್ನು ಮತ್ತೆ ಹಿಡಿದು ಕೂರಿಸಿದರೆ, ಅವರು ಕೂಡಲೇ ಯಾರಿಗೆ ಕರೆ ಮಾಡಬೇಕು ಅಂತ ಗೊತ್ತಿರಲಿ.